ಮಾವಳ್ಳಿ ಮನೆಯಲ್ಲಿ ಬೆಳೆದವರು

ಅಣ್ಣನ ಮಗಳಿಗೆ ಬಾಡ ಊರಿನ ಹುಡುಗನ ಪ್ರಸ್ತಾಪ ಬಂದಾಗ ಅಡ್ಡ ಬಾಯಿ ಹಾಕಿದವನು ನಾನೇ. "ಹುಡುಗನ ಅಪ್ಪ ನಮ್ಮ ಮಾವಳ್ಳಿ ದೊಡ್ಡಪ್ಪನ ಮನೆಯವರು. ನಮ್ಮದೇ ಬಳಿಯಲ್ವಾ?" ಎಂದುಬಿಟ್ಟೆ. ಬಳಿ ಅಂದರೆ ಗೋತ್ರದ ಹಾಗೆ, ನಮ್ಮಲ್ಲಿ ಅಪ್ಪನಿಂದ ಮಕ್ಕಳಿಗೆ ಬರುತ್ತದೆ. ಒಂದೇ ಬಳಿಯವರೆಂದರೆ ಅಣ್ಣತಂಗಿಯರ ಲೆಕ್ಕ, ಮದುವೆಯ ಮಾತೇ ಇಲ್ಲ. ಹೊಳನಗದ್ದೆಯ ತನ್ನ ಮನೆಯ ಜಗಲಿಯಲ್ಲಿ ಕೂತಿದ್ದ ಅಣ್ಣ ಹುಡುಗನ ಫೋಟೋ ಕೆಳಗಿಟ್ಟ. ಹುಡುಗನನ್ನು ಆಗಲೇ ಮೆಚ್ಚಿಕೊಂಡಿದ್ದ ಅಣ್ಣನ ಮಗಳು ಚಹಾದ ಲೋಟಗಳನ್ನು ಸದ್ದು ಮಾಡುತ್ತ ಎತ್ತಿಕೊಂಡು ಒಳಗೆ ಹೋದಳು.

ನನಗೆ ಕೂರಲಾಗಲಿಲ್ಲ. ಎಂ.ಎ. ಓದಿ ಎಲ್ಲವನ್ನೂ ಅನುಮಾನಿಸಲು ಕಲಿತವನು ನಾನು. ಈಚೆಗೆ ಅನುಮಾನ ನನ್ನ ನೆನಪಿನ ಮೇಲೇ ತಿರುಗಿದೆ. ಅದಕ್ಕೇ ಮೊಬೈಲಿನ ಸಹಾಯಕನಿಗೆ ಕಂಡದ್ದು ಕೇಳಿದ್ದನ್ನೆಲ್ಲ ಹೇಳಿಡುತ್ತೇನೆ. ಹಿಂದಿನ ಸಹಾಯಕ ಇವತ್ತಿನ ಮಾತನ್ನು ನಾಳೆಗೆ ಮರೆಯುತ್ತಿತ್ತು. ಇದರೊಳಗೆ ನಾಲೆಜ್ ಗ್ರಾಫ್ ಇದೆಯಂತೆ. ಜನ, ಮನೆ, ಊರು ಒಂದೊಂದೂ ಬಲೆಯ ಗಂಟಿನ ಹಾಗೆ. ನಡುವಿನ ದಾರಕ್ಕೆ 'ಮಗ', 'ಸೊಸೆ', 'ಅಲ್ಲಿ ಬೆಳೆದವರು' ಎಂಬ ಹೆಸರು.

ಅಂಗಳದಲ್ಲಿ ಅಡ್ಡಾಡುತ್ತಲೇ ಹುಡುಗನ ಅಪ್ಪನ ಬಗ್ಗೆ ಅದನ್ನು ಕೇಳಿದೆ. ಅದು ಹೇಳಿತು: "ಹುಡುಗನ ತಂದೆ ಮಾವಳ್ಳಿ ಮನೆಯಲ್ಲಿ ಬೆಳೆದವರು. ಆದರೆ ಆ ಮನೆಯ ಮಗ ಎಂದು ನೀವು ಹೇಳಿಲ್ಲ. ದೊಡ್ಡಮ್ಮನ ಕಣ್ಣಿನ ಆಪರೇಷನ್ ಆದಾಗ ಬಾಡದಿಂದ ಕಾಣೆ ಮೀನು ತಂದವರು ಅವರೇ, ದೊಡ್ಡಮ್ಮನ ತಂಗಿಯ ಮಗ ಅಂದಿದ್ದಿರಿ."

ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಮೀನು ಮಾತ್ರ ನೆನಪಿದೆ, ಚೆನ್ನಾಗಿತ್ತು. ಆದರೆ ನಾನೇ ತಪ್ಪು ಹೇಳಿದ್ದರೆ ಅದು ತಪ್ಪನ್ನೂ ಅಷ್ಟೇ ಬಿಗಿಯಾಗಿ ಗಂಟು ಹಾಕಿರುತ್ತದಲ್ಲ? ಮಾವಳ್ಳಿಯ ದೊಡ್ಡಮ್ಮನಿಗೇ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ.

"ಎಂತಾ ಮಾರಾಯಾ, ಅವ ನನ್ನ ತಂಗಿ ಮಗ! ತಂಗಿಗೆ ಆರಾಮಿರ್ಲಿಲ್ಲ ಅಂತ ನಮ್ಮನೇಲಿ ಇದ್ದು ಶಾಲೆ ಕಲ್ತ. ಅವ್ರ ಬಳಿಯೇ ಬೇರೆ. ನಮ್ಮನೆ ಗಂಜಿ ಉಂಡ್ರೆ ಬಳಿ ಬದಲಾತದ್ಯಾ? ಹಂಗಾರೆ ನಮ್ಮನೆ ಬೆಕ್ಕೂ ನಮ್ಮ ಬಳಿನೇ!"

ಅಣ್ಣ ಜೋರಾಗಿ ನಕ್ಕ. "ಆತು, ಹುಡುಗನ ಮನೆಯವ್ರಿಗೆ ಭಾನುವಾರ ಬರೂಕೆ ಹೇಳ್ವ. ತಮ್ಮಾ, ನೀನೂ ಬಾ, ಆದ್ರೆ ಬಾಯಿ ತೆರಿಬೇಡ."

ಒಳಗಿನಿಂದ ಮತ್ತೆ ಚಹಾ ಬಂತು, ಈ ಸಲ ಸಕ್ಕರೆ ಹೆಚ್ಚು. ಅಣ್ಣನ ಮಗಳು ನನ್ನ ಮೊಬೈಲ್ ಕಸಿದುಕೊಂಡು ಹುಡುಗನ ಹೆಸರನ್ನೂ ತನ್ನ ಹೆಸರನ್ನೂ ಹೇಳಿದಳು.

"ಇವರಿಬ್ಬರ ಸಂಬಂಧ ಏನು?" ಎಂದಿತು ಅದು.

"ಗಡಿಬಿಡಿ ಎಂತಕ್ಕೆ?" ಎಂದಳು ಅವಳು. "ಭಾನುವಾರ ಹೇಳ್ತೆ."