ಗಿಟಾರ್ ಕೊಳ್ಳದ ಡಾಕ್ಟರು
ನಮ್ಮ ವಾದ್ಯದಂಗಡಿಗೆ ಪ್ರತಿ ಶನಿವಾರ ಬರುವ ಹಲ್ಲಿನ ಡಾಕ್ಟರಿಗೆ ಎರಡು ವರ್ಷದಿಂದ ಒಂದೇ ಗೊಂದಲ: ಹೆಸರಾಂತ ಕಂಪನಿಯ ಅಸಲಿ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವುದೋ, ಅದನ್ನೇ ನೋಡಿ ಒಬ್ಬ ಕುಶಲಕರ್ಮಿ ಕೈಯಾರೆ ಮಾಡಿದ ನಕಲನ್ನೋ. ಎಂಥ ಹಲ್ಲನ್ನೂ ಕ್ಷಣದಲ್ಲಿ ಕಿತ್ತು ಕೈಗಿಡುವ ಮನುಷ್ಯ ಇಲ್ಲಿ ಬಂದರೆ ಹಲ್ಲು ನೋಡುವ ತಮ್ಮ ಪುಟ್ಟ ಕನ್ನಡಿ ಹಿಡಿದು ಎರಡನ್ನೂ ಸಂದಿಗೊಂದಿ ಬಿಡದೆ ಪರೀಕ್ಷಿಸಿ ನಿಟ್ಟುಸಿರು ಬಿಡುತ್ತಾರೆ. “ನಕಲೇ ಚೆನ್ನಾಗಿದೆ ಕಣಮ್ಮ. ಆದ್ರೆ ನಕಲು ಅಲ್ವಾ?” ಎನ್ನುತ್ತಾರೆ. ಸರಿ, ಅಸಲಿಯನ್ನೇ ಕಟ್ಟಿಕೊಡಲು ಹೊರಟರೆ, “ತಡಿಯಮ್ಮ, ಬರೀ ಹೆಸರಿಗೆ ಮರುಳಾದ್ನಾ?” ಎಂದು ಅಡ್ಡ ನಿಲ್ಲುತ್ತಾರೆ. ಅವರ ಹೆಂಡತಿಯಂತೂ ಹೊರಗೆ ಕಾರಿನಲ್ಲಿ ಕಾಯುತ್ತ ಕೂತೇ ಮೂರು ಸ್ವೆಟರ್ ಹೆಣೆದು ಮುಗಿಸಿದ್ದಾರೆ. ಮೊನ್ನೆ ನಾನು ತಾಳ್ಮೆಗೆಟ್ಟು ಕೇಳಿಯೇಬಿಟ್ಟೆ: “ನಿಮಗೆ ಎಂಥಾ ಸದ್ದು ಬೇಕು ಸಾರ್?” ಅವರು ನೆಲ ನೋಡುತ್ತ ಹೇಳಿದರು: “ನಮ್ಮಣ್ಣ ಇದ್ದಾಗ ಬಾಗಿಲು ಹಾಕ್ಕೊಂಡು ಗಿಟಾರ್ ನುಡಿಸ್ತಿದ್ದ. ನನ್ನನ್ನ ಒಳಗೆ ಬಿಡ್ತಿರ್ಲಿಲ್ಲ. ಆಚೆ ನಿಂತು ಕೇಳ್ತಿದ್ನಲ್ಲ, ಆ ಸದ್ದು.” ನಾನು ಎರಡು ಗಿಟಾರನ್ನೂ ಒಳಕೋಣೆಗೆ ಒಯ್ದು, ಬಾಗಿಲು ಹಾಕಿಕೊಂಡು, ಒಂದಾದ ಮೇಲೊಂದು ನುಡಿಸಿದೆ. ಬಾಗಿಲು ತೆರೆದಾಗ ಡಾಕ್ಟರು ಕಣ್ಣೊರೆಸಿಕೊಳ್ಳುತ್ತಿದ್ದರು. “ಯಾವುದು ಸಾರ್?” ಎಂದೆ. “ಎರಡೂ ಅಣ್ಣಂದೇ ಕಣಮ್ಮ,” ಎಂದರು, “ಈಗೇನ್ ಮಾಡ್ಲಿ?”