ಔಷಧಿ ಹಾಕದ ಬಳ್ಳಿಗಳು

ನಮ್ಮ ತೋಟ ಹೊಂಗಡಹಳ್ಳದ ಕಡೆ. ಕಾಫಿ ಗಿಡಗಳ ನಡುವೆ ನಿಂತ ಸಿಲ್ವರ್ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಮಳೆಗಾಲದಲ್ಲಿ ಇವಕ್ಕೆ ಸೊರಗು ರೋಗ ಬರುತ್ತದೆ. ಹಸಿರಾಗಿದ್ದ ಬಳ್ಳಿ ನೋಡನೋಡುತ್ತಲೇ ಎಲೆ ಉದುರಿಸಿಕೊಂಡು ಒಣ ಹಗ್ಗದಂತೆ ನೇತಾಡತೊಡಗುತ್ತದೆ.

ಹೋದ ವರ್ಷ ಮಳೆ ಹಿಡಿಯುವ ಮೊದಲು ಪಕ್ಕದ ತೋಟದವರು ಸಕಲೇಶಪುರದ ಅಂಗಡಿಯೊಂದರಿಂದ ಕಂದು ಬಣ್ಣದ ಔಷಧಿಯ ಕ್ಯಾನ್ ತಂದು ನಮ್ಮ ಜಗಲಿಯ ಮೇಲಿಟ್ಟರು.

"ಹಿಂದಿನ ಮಳೇಲಿ ಬುಡಕ್ಕೆ ಹುಯ್ದಿದ್ದೆ ಕಣ್ರೀ ಟೀಚರಮ್ಮ. ಒಂದು ಬಳ್ಳಿನೂ ಹೋಗ್ಲಿಲ್ಲ."

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಬಾಯಿ ಸುಮ್ಮನಿರಲಿಲ್ಲ. "ಹುಯ್ಯದೆ ಬಿಟ್ಟ ಬಳ್ಳಿ ಏನಾದವು?"

"ಯಾಕೆ ಬಿಡ್ಲಿ? ಎಲ್ಲಕ್ಕೂ ಹುಯ್ದೆ."

"ನಾವು ಇದನ್ನ ಹಾಕೇ ಇರ್ಲಿಲ್ಲ. ನಮ್ಮವೂ ಹೋಗ್ಲಿಲ್ಲವಲ್ಲ. ಆ ಸಲ ಮಳೆಯೇ ಕಡಿಮೆ ಇತ್ತು."

ಅವರು ನನ್ನ ಗಂಡನ ಮುಖ ನೋಡಿ ನಕ್ಕರು.

ಆ ನಗುವಿಗೆ ಉತ್ತರ ಕೊಡಬೇಕು ಅನ್ನಿಸಿತು. ಮನೆಯ ಹಿಂದಿನ ಇಳಿಜಾರನ್ನು ಆರಿಸಿಕೊಂಡೆ. ಅಲ್ಲಿನ ಬಳ್ಳಿಗಳಿಗೆಲ್ಲ ವಾಡಿಕೆಯಂತೆ ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ ಹೊಡೆಸಿದೆವು. ಅದರ ಮೇಲೆ ಹೊಸ ಔಷಧಿ ಅರ್ಧಕ್ಕೆ ಮಾತ್ರ. ಯಾವುದಕ್ಕೆ ಅನ್ನುವುದನ್ನು ನಾನೂ ಆರಿಸಬಾರದು ಎಂದು ಒಂದೊಂದು ಮರದ ಮುಂದೆಯೂ ನಿಂತು ನಾಣ್ಯ ಚಿಮ್ಮಿದೆ. ಔಷಧಿ ಬಿದ್ದ ಮರಕ್ಕೆ ಕೆಂಪು ಬಣ್ಣದ ಪಟ್ಟಿ. ನನ್ನ ಗಂಡ ಬಣ್ಣದ ಡಬ್ಬಿ ಹಿಡಿದು ಹಿಂದೆಯೇ ಬಂದರು. "ಯಾರಾದ್ರೂ ನೋಡಿದ್ರೆ ತೋಟದಲ್ಲಿ ಜೂಜಾಡ್ತಾವ್ರೆ ಅಂದ್ಕೊಂಡಾರು ಮಾರಾಯ್ತಿ" ಎಂದರು.

ಮಳೆ ಜೋರಾಗಿಯೇ ಹಿಡಿಯಿತು. ಶಾಲೆಯಿಂದ ಬಂದವಳೇ ಕೊಡೆ ಹಿಡಿದು ಇಳಿಜಾರಿಗೆ ಹೋಗುತ್ತಿದ್ದೆ. ಮೊದಲು ಹಳದಿ ತಿರುಗಿದ್ದು ಪಟ್ಟಿ ಇದ್ದ ಒಂದು ಬಳ್ಳಿ. ಆಮೇಲೆ ಪಟ್ಟಿ ಇಲ್ಲದ್ದೊಂದು. ಒಂದು ಸಂಜೆ ಗಂಡ ಹೇಳಿದರು, "ಪಟ್ಟಿ ಇರೋ ಮರದ ಹತ್ರಾನೇ ಜಾಸ್ತಿ ಹೊತ್ತು ನಿಲ್ತೀಯ ಕಣೇ ನೀನು. ಅದು ಸಾಯ್ಲಿ ಅಂತಾನಾ?"

ಸಿಟ್ಟು ಬಂತು, ಆದರೆ ಮಾತು ಸುಳ್ಳಾಗಿರಲಿಲ್ಲ. ಮಾರನೆಯ ದಿನವೇ ಪಟ್ಟಿಗಳ ಮೇಲೆಲ್ಲ ಗೋಣಿತಾಟು ಸುತ್ತಿಸಿದೆ, ಪಟ್ಟಿ ಇಲ್ಲದ ಮರಗಳಿಗೂ ಸುತ್ತಿಸಿದೆ. ಇನ್ನು ಯಾವ ಬಳ್ಳಿ ಯಾವುದು ಅಂತ ನೋಡುವವರಿಗೆ ತಿಳಿಯುವಂತಿರಲಿಲ್ಲ. ಮಳೆ ಮುಗಿದ ಮೇಲೆ ತಾಟು ಬಿಚ್ಚಿ ಲೆಕ್ಕ ಹಾಕಿದರಾಯಿತು ಎಂದುಕೊಂಡೆ. ಇಷ್ಟು ಅಚ್ಚುಕಟ್ಟಾಗಿ ಪ್ರಯೋಗಾಲಯದಲ್ಲಿ ಕೂಡ ನಾನು ಏನನ್ನೂ ಮಾಡಿರಲಿಲ್ಲ.

ಗೌರಿಹಬ್ಬದ ಹೊತ್ತಿಗೆ ಹಿತ್ತಲಲ್ಲಿ ಖಾಲಿ ಕ್ಯಾನ್ ಬಿದ್ದಿರುವುದು ಕಣ್ಣಿಗೆ ಬಿತ್ತು. ಅರ್ಧ ಮಿಕ್ಕಿರಬೇಕಾದದ್ದು.

"ಅತ್ತೆ, ಇದರಲ್ಲಿದ್ದ ಔಷಧಿ ಎಲ್ಲಿ?"

ಅತ್ತೆ ಕಾಯಿ ತುರಿಯುತ್ತಿದ್ದರು. "ಮಿಕ್ಕಿದ್ ಬಳ್ಳಿಗೆಲ್ಲ ಹುಯ್ಸ್‌ಬುಟ್ಟೆ ಕಣವ್ವ. ಗೋಣಿ ಸುತ್ತಿದ್ರಲ್ಲ, ಅವತ್ತಿನ ಹಿಂದಿನ ವಾರಾನೇ."

ಖಾಲಿ ಕ್ಯಾನನ್ನು ಅವರ ಮುಂದೆ ಇಟ್ಟೆ. ನನ್ನ ದನಿ ಏರಿತ್ತು. "ಯಾಕತ್ತೆ?"

"ಹಸ್ದಿರೋ ಇಬ್ರು ಮಕ್ಳಲ್ಲಿ ಒಂದಕ್ಕೆ ಅನ್ನ ಇಕ್ಕಿ ಇನ್ನೊಂದುನ್ನ ನೋಡ್ತಾ ಕುಂಡ್ರುಸ್ತೀಯಾ? ಹಳದಿ ಆಯ್ತಾ ಐತೆ, ಔಷಧಿ ಮನೇಲೇ ಐತೆ. ನಂಗೆ ನೋಡಕ್ಕಾಗ್ಲಿಲ್ಲ."

"ಅದು ಅನ್ನ ಹೌದೋ ಅಲ್ಲವೋ ತಿಳ್ಕೊಳ್ಳೋಕೆ ತಾನೆ ಇಷ್ಟೆಲ್ಲ ಮಾಡಿದ್ದು!"

"ತಿಳೀದೆ ಇದ್ಮೇಲೆ ಎಲ್ಲಕ್ಕೂ ಹಾಕೋದು ಒಳ್ಳೇದಲ್ವಾ?"

ನಾನು ಎದ್ದು ಹೋದೆ. ನೋಡುವುದು, ಊಹಿಸುವುದು, ಪ್ರಯೋಗ ಮಾಡುವುದು, ತೀರ್ಮಾನಕ್ಕೆ ಬರುವುದು ಎಂದು ತರಗತಿಯಲ್ಲಿ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇನೆ. ಪ್ರಯೋಗಕ್ಕೂ ತೀರ್ಮಾನಕ್ಕೂ ನಡುವೆ ಪ್ರೀತಿಯಿಂದಲೇ ಯಾರೋ ಬಕೆಟ್ ಹಿಡಿದು ಬರುತ್ತಾರೆ ಎಂದು ಯಾವ ಪಾಠದಲ್ಲೂ ಇಲ್ಲ. ಗೊತ್ತಿಲ್ಲ ಅನ್ನುವುದನ್ನು ಒಂದು ಮಳೆಗಾಲದ ಮಟ್ಟಿಗಾದರೂ ತಡೆದುಕೊಳ್ಳಿ ಎಂದಷ್ಟೇ ನಾನು ಕೇಳಿದ್ದು. ಅಷ್ಟು ಯಾರಿಂದಲೂ ಆಗಲಿಲ್ಲ.

ಕೊನೆಗೆ ಕೆಲವು ಬಳ್ಳಿ ಹೋದವು, ಬಹಳಷ್ಟು ಉಳಿದವು. ಯಾವುದರಿಂದ ಉಳಿದವೋ ಹೇಳಲು ದಾರಿ ಇಲ್ಲ. ಪಕ್ಕದ ತೋಟದವರಿಗೆ ಆ ತೊಂದರೆ ಇರಲಿಲ್ಲ. "ಸೈನ್ಸ್ ಟೀಚರ್ ತೋಟದಲ್ಲೇ ಪರೀಕ್ಷೆ ಮಾಡಿ ನೋಡವ್ರೆ" ಎಂದು ಸಂತೆಯಲ್ಲೆಲ್ಲ ಹೇಳಿಕೊಂಡು ಬಂದರು. ನಾನು ಹೋಗಿ ಆಕ್ಷೇಪಿಸಿದರೆ, "ಬಳ್ಳಿ ಉಳಿದ್ವೋ ಇಲ್ವೋ ಅಷ್ಟು ಹೇಳಿ" ಎಂದರು.

"ಉಳಿದವು. ಆದರೆ..."

"ಮತ್ತೆ ಇನ್ನೇನ್ರೀ!"

ಈ ವರ್ಷ ಮತ್ತೆ ಮಾಡೋಣವೆಂದರೆ ಅತ್ತೆ ಇಳಿಜಾರು ಮುಟ್ಟಗೊಡಲಿಲ್ಲ. ಮಗ್ಗೆ ಊರಿನಲ್ಲಿರುವ ನನ್ನ ಅಣ್ಣನಿಗೂ ಮೆಣಸಿದೆ. ಫೋನು ಮಾಡಿ, ಔಷಧಿ ಹಾಕದೆ ಬಿಡಲು ಒಂದಷ್ಟು ಬಳ್ಳಿ ಕೊಡು ಎಂದೆ.

"ಔಷಧಿ ಹಾಕ್ತೀನಿ ಅಂದ್ರೆ ತೋಟಾನೇ ತಗೊ" ಎಂದ ಅಣ್ಣ. "ಹಾಕಲ್ಲ ಅಂದ್ರೆ ಒಂದೂ ಇಲ್ಲ."