ಉಪ್ಪಿಲ್ಲದ ಎರಡು ಚಮಚ

ಆಸ್ಪತ್ರೆಯ ಅಡುಗೆಮನೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಉಳಿದವರೆಲ್ಲರ ಬಾಯಲ್ಲಿ ಅವಳು ಸಣ್ಣುರಿ ಅಕ್ಕ. ಇಪ್ಪತ್ತಾರು ವರ್ಷ ದಿನಕ್ಕೆ ಹತ್ತು ಸಲ "ಸಣ್ಣ ಉರಿ ಕಣ್ರೋ, ಸಣ್ಣ ಉರಿ!" ಎಂದು ಕೂಗಿದವಳಿಗೆ ಬೇರೆ ಹೆಸರು ಎಲ್ಲಿ ಅಂಟೀತು?

ಅವಳ ಕೆಲಸ ಒಂದೇ, ರೋಗಿಗಳಿಗೆ ಎಲುಬಿನ ಸೂಪು. ಎಲುಬು, ನೀರು, ಎರಡು ಈರುಳ್ಳಿ, ನಾಲ್ಕು ಗಜ್ಜರಿ, ಅದರಲ್ಲೇನು ಮಹಾ ಎಂದು ಮೂಗು ಮುರಿಯುವವರಿದ್ದರು. ಅಂಥವರ ಕೈಗೆ ಅವಳು ಸೌಟು ಕೊಡುತ್ತಿದ್ದಳು. "ಬನ್ನಿ, ಮಾಡಿ. ಮಧ್ಯಾಹ್ನ ನಾನೇ ಬಂದು ಕುಡೀತೀನಿ." ಯಾರೂ ಬರುತ್ತಿರಲಿಲ್ಲ.

ತಣ್ಣೀರಿನಲ್ಲಿ ಎಲುಬು ಹಾಕಿ ಒಲೆಗಿಟ್ಟ ಮೇಲೆ ಐದು ಗಂಟೆ ಅದು ಕುದಿಯಕೂಡದು. ಪಾತ್ರೆಯ ಅಂಚಿನಲ್ಲಿ ಒಂದು ಗುಳ್ಳೆ ಎದ್ದು ಒಡೆದು, ಯೋಚನೆ ಮಾಡಿ ಇನ್ನೊಂದು ಏಳಬೇಕು. ಮೇಲೆ ಬಂದ ನೊರೆಯನ್ನು ಕೂಸಿನ ಬಾಯಿ ಒರೆಸಿದ ಹಾಗೆ ತೆಗೆಯಬೇಕು. ಉರಿ ಒಂದು ಗಳಿಗೆ ಜಾಸ್ತಿಯಾದರೆ, ಕೈ ತುರಿಸಿ ಯಾರಾದರೂ ಕಲಕಿದರೆ, ಎಲ್ಲ ಕದಡಿ ಬಗ್ಗಡ. ಹಿಂದಿನ ಅಡುಗೆಯಜ್ಜ ಮೊದಲ ಎರಡು ವರ್ಷ ಅವಳಿಗೆ ನೊರೆ ತೆಗೆಯುವುದನ್ನು ಬಿಟ್ಟು ಬೇರೇನೂ ಕೊಡಲಿಲ್ಲ. ಮೂರನೇ ವರ್ಷ ಪಾತ್ರೆ ಕೊಟ್ಟ. ಹನ್ನೊಂದು ಸಲ ಕೆಡಿಸಿದಳು. ಪ್ರತಿ ಸಲವೂ ಅಜ್ಜ ಗಾಜಿನ ಲೋಟಕ್ಕೆ ಸೂಪು ಬಗ್ಗಿಸಿ, ಅದರ ಹಿಂದೆ ರೋಗಿಯ ಚೀಟಿಯೊಂದನ್ನು ಹಿಡಿಯುತ್ತಿದ್ದ.

"ಅಕ್ಷರ ಕಂಡ್ರೆ ಸೂಪು. ಕಾಣ್ದಿದ್ರೆ ಪಾತ್ರೆ ತೊಳೆದ ನೀರು. ಓದು ನೋಡೋಣ."

"ನಂಗೆ ಓದೋಕೇ ಬರಲ್ಲ ಅಜ್ಜ."

"ಹಂಗಾದ್ರೆ ಎರಡೂ ಕಲಿ."

ಹನ್ನೆರಡನೇ ಸಲ, ಹೊನ್ನಿನ ಬಣ್ಣದ ಸೂಪಿನ ಆಚೆಯಿಂದ ಅವಳು ಬದುಕಿನಲ್ಲಿ ಮೊದಲ ಬಾರಿಗೆ ಓದಿದ ಎರಡು ಪದ: ಉಪ್ಪು ಬೇಡ.

ಅಂಥ ಚೀಟಿಗಳಿಂದಲೇ ಅಡುಗೆಮನೆಯ ಪದ್ಧತಿ ಹುಟ್ಟಿತ್ತು. ಸೂಪು ಒಲೆಯಿಂದ ಇಳಿಯುವಾಗ ಅದರಲ್ಲಿ ಒಂದು ಹರಳು ಉಪ್ಪೂ ಇರುತ್ತಿರಲಿಲ್ಲ. ಯಾರಿಗೆ ಎಷ್ಟು ಉಪ್ಪು ಎಂಬುದನ್ನು ಡಾಕ್ಟರು ಚೀಟಿಯಲ್ಲಿ ಬರೆಯುತ್ತಿದ್ದರು, ವಾರ್ಡಿನ ಸಿಸ್ಟರುಗಳು ಹಾಸಿಗೆಯ ಪಕ್ಕದಲ್ಲೇ ಬೆರೆಸಿ ಕೊಡುತ್ತಿದ್ದರು. ಕಾಲು ಊದಿಕೊಂಡವರಿಗೆ, ಎದೆನೋವಿನವರಿಗೆ ಬರೀ ಸೂಪು.

ಹೀಗಿರುವಾಗ ಬಂದ ಹೊಸ ಉಸ್ತುವಾರಿ ಸಾಹೇಬ. ಇಸ್ತ್ರಿ ಮುರಿಯದ ಅಂಗಿ. ಅಡುಗೆಮನೆಗೆ ಕಾಲಿಟ್ಟವನು ಮೊದಲು ನೋಡಿದ್ದು ಪಾತ್ರೆಯನ್ನಲ್ಲ, ಗೋಡೆ ಗಡಿಯಾರವನ್ನು.

"ಐದು ಗಂಟೆ ಗ್ಯಾಸು, ಐದು ಗಂಟೆ ಒಬ್ಬ ಆಳು! ಇದು ನೋಡಿ ಅಕ್ಕಾ, ಸೂಪಿನ ಪುಡಿ. ಪ್ಯಾಕೆಟ್ ಹರಿ, ಬಿಸಿನೀರು ಸುರಿ, ಮೂರು ನಿಮಿಷ. ರುಚೀಲಿ ವ್ಯತ್ಯಾಸವೇ ಇಲ್ಲ."

"ಯಾರ ನಾಲಿಗೇಲಿ ಸಾಹೇಬ್ರೇ?"

ಅವನು ನಕ್ಕ. "ಪರೀಕ್ಷೆ ಇಡೋಣ ಬಿಡಿ. ಗೆದ್ರೆ ನಿಮ್ಮ ಪಾತ್ರೆ ನಿಮ್ಗೆ. ಸೋತ್ರೆ ಪ್ಯಾಕೆಟ್ ಹರಿಯೋ ಕೆಲಸ ಇದ್ದೇ ಇದೆ."

ಪ್ಯಾಕೆಟ್ಟಿನ ಮೇಲೆ ಅವಳಿಗೆ ಹಗೆಯೇನೂ ಇರಲಿಲ್ಲ. ಅವಳ ಸ್ವಂತ ಮಗಳು ಎರಡು ಬಸ್ಸು ಬದಲಿಸಿ, ದಣಿದು ಮನೆಗೆ ಬಂದು ದಿನ ಬಿಟ್ಟು ದಿನ ಪ್ಯಾಕೆಟ್ ಹರಿಯುತ್ತಿದ್ದಳು. "ಬೈಬೇಡಮ್ಮ" ಎಂದರೆ, "ಬೈಯಲ್ಲ ಕಣೆ, ನಂಗೂ ಅರ್ಧ ಹಾಕು" ಎನ್ನುತ್ತಿದ್ದಳು. ನಿಂತ ಕಾಲಲ್ಲಿ ದುಡಿದವರು ತಮ್ಮ ಹೊಟ್ಟೆಗೆ ತಾವೇ ಆರಿಸಿಕೊಂಡದ್ದು ಅದು. ಮಲಗಿದ ಕಡೆಯಿಂದ ಏಳಲಾಗದವನಿಗೆ ಬೇರೆ ಯಾರೋ ಆರಿಸುವುದಿದೆಯಲ್ಲ, ಅದು ಅವಳ ಮೈ ಉರಿಸುತ್ತಿತ್ತು.

ಪರೀಕ್ಷೆಯ ದಿನ ಮೀಟಿಂಗ್ ರೂಮಿನಲ್ಲಿ ಮೂವರು ಅಧಿಕಾರಿಗಳು. ಜ್ವರವಿಲ್ಲ, ಹೊಲಿಗೆ ಬಿದ್ದಿಲ್ಲ, ಆಗತಾನೆ ಬಿಸ್ಕತ್ತು ತಿಂದ ಬಾಯಿ. ಇವರು ಇನ್ನೂರು ರೋಗಿಗಳ ಪರವಾಗಿ ರುಚಿ ನೋಡುವವರು! ಎರಡೆರಡು ಬಟ್ಟಲು, ಒಂದೊಂದರಿಂದ ಎರಡೆರಡು ಚಮಚ. ಸಣ್ಣುರಿ ಅಕ್ಕ ಬಾಗಿಲಾಚೆ ನಿಂತಿದ್ದಳು. ಅಂದಿನ ಸೂಪು ಇಪ್ಪತ್ತಾರು ವರ್ಷದಲ್ಲೇ ಎಲ್ಲಕ್ಕಿಂತ ತಿಳಿಯಾಗಿತ್ತು. ಎರಡು ಸಲ ಬಟ್ಟೆಯಲ್ಲಿ ಸೋಸಿದ್ದಳು.

"ಇದು ಸಪ್ಪೆ" ಎಂದ ಒಬ್ಬ. "ಬರೀ ಬಿಸಿನೀರು" ಎಂದ ಇನ್ನೊಬ್ಬ. ಮೂರನೆಯವನು ಪ್ಯಾಕೆಟ್ಟಿನ ಬಟ್ಟಲನ್ನು ಮುಂದಕ್ಕೆ ತಳ್ಳಿ, "ಹಾಂ, ಇದಕ್ಕೆ ಬಾಯಿಗೆ ಹಿಡಿಸೋ ಗುಣ ಇದೆ" ಎಂದ.

ಸಪ್ಪೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳಿಗೆ ಹೊಳೆಯಿತು. ಉಪ್ಪು! ವಾರ್ಡಿಗೆ ಕಳಿಸುವ ಹಾಗೇ ಇಲ್ಲಿಗೂ ಕಳಿಸಿದ್ದಳು. ಇಲ್ಲಿ ಚೀಟಿಯೂ ಇಲ್ಲ, ಸಿಸ್ಟರೂ ಇಲ್ಲ. ಬಾಗಿಲು ತಳ್ಳಿಕೊಂಡೇ ಒಳಗೆ ಹೋದಳು.

"ಸಾಹೇಬ್ರೇ, ನಂದೇ ತಪ್ಪು, ಉಪ್ಪು ಹಾಕೋದು ಮರೆತೆ. ಒಂದೊಂದು ಚಿಟಿಕೆ ಹಾಕಿ ಇನ್ನೊಂದ್ಸಲ ನೋಡಿ."

"ಸಹಿ ಆಗೋಯ್ತಲ್ಲ ಅಕ್ಕಾ" ಎಂದ ಉಸ್ತುವಾರಿ, ಪೆನ್ನಿನ ಮುಚ್ಚಳ ಹಾಕುತ್ತ. "ಅಡುಗೆಯವರಾಗಿ ಉಪ್ಪು ಹಾಕೋದು ಮರೆತ್ರೆ ಹೇಗೆ?"

ಬಟ್ಟಲುಗಳಲ್ಲಿ ಸೂಪು ಹಾಗೇ ಉಳಿದಿತ್ತು. ಉಪ್ಪಿನ ಡಬ್ಬಿ ಒಂದು ಮಹಡಿ ಕೆಳಗಿತ್ತು. ಒಂದು ಚಿಟಿಕೆ ಬೆರೆಸಿ ನೋಡುವಷ್ಟು ಪುರಸೊತ್ತು ಆ ಮೂವರಲ್ಲಿ ಒಬ್ಬನಿಗೂ ಇರಲಿಲ್ಲ.

ಮರುದಿನ ಅವಳ ದೊಡ್ಡ ಪಾತ್ರೆ ಉಗ್ರಾಣಕ್ಕೆ ಹೋಯಿತು. ಸುಮ್ಮನೆ ಹೋಗಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅದರ ತುಂಬ ಪ್ಯಾಕೆಟ್ಟುಗಳನ್ನು ಸುರಿದಿಟ್ಟರು, ಇಲಿ ಮುಟ್ಟದಿರಲೆಂದು. ಪ್ರತಿದಿನ ಬೆಳಿಗ್ಗೆ ತನ್ನ ಪಾತ್ರೆಗೇ ಕೈಹಾಕಿ ಅವಳು ಪ್ಯಾಕೆಟ್ ತೆಗೆಯಬೇಕು.

ಮೊದಲ ಮಧ್ಯಾಹ್ನವೇ ಹತ್ತೊಂಬತ್ತು ಬಟ್ಟಲು ಮುಟ್ಟದೆ ವಾಪಸು ಬಂದವು. ಹಿಂದೆಯೇ ದೊಡ್ಡ ಸಿಸ್ಟರು. ವಾರ್ಡಿನ ಹಳಬರು, ಸಣ್ಣುರಿ ಅಕ್ಕನಷ್ಟೇ ವಯಸ್ಸು, ಅವಳಿಗಿಂತ ಜೋರು ಬಾಯಿ.

"ಉಪ್ಪು ಬೇಡ ಅಂತ ಚೀಟಿ ಇರೋರು ಹತ್ತೊಂಬತ್ತು ಜನ. ಈ ಪುಡೀಲಿ ಉಪ್ಪು ಬೆರೆತೇ ಬಂದಿದೆ. ಇದನ್ನ ಹೇಗ್ರೀ ಕೊಡ್ಲಿ?"

ಅಡುಗೆಮನೆಯ ಮೂಲೆಯ ಮೇಜಿನಲ್ಲಿ ಲೆಕ್ಕ ನೋಡುತ್ತಿದ್ದ ಉಸ್ತುವಾರಿ ತಲೆಯೆತ್ತದೆ ಅಂದ: "ನೀರು ಜಾಸ್ತಿ ಹಾಕಿ."

ಸಣ್ಣುರಿ ಅಕ್ಕನಿಗೆ ತಡೆಯಲಾಗಲಿಲ್ಲ. "ನೀರು ಹಾಕಿದ್ರೆ ಹೋಗೋಕೆ ಉಪ್ಪೇನು ಸೋಪೇನ್ರೀ? ಕಾಲು ಊದ್ಕೊಂಡು ಮಲಗಿರೋರು ಅವ್ರು. ನಿಮ್ಮಮ್ಮಂಗೂ ಹಿಂಗೇ ಕೊಡ್ತೀರಾ?"

"ನಾಲಿಗೆ ಬಿಗಿ ಹಿಡಿದು ಮಾತಾಡಿ."

"ಇಷ್ಟು ದಿನ ಹಿಡಿದಿದ್ದೇ ಹೆಚ್ಚಾಯ್ತು."

ದೊಡ್ಡ ಸಿಸ್ಟರು ಚೀಟಿಗಳ ಕಟ್ಟನ್ನು ಮೇಜಿನ ಮೇಲೆ ಹರಡಿದರು. ಒಂದೊಂದರಲ್ಲೂ ಡಾಕ್ಟರ ಸಹಿ. ಡಾಕ್ಟರ ಸಹಿಯ ಮುಂದೆ ಇಸ್ತ್ರಿ ಅಂಗಿಯೂ ಮುದುಡಿತು. ಆ ಹತ್ತೊಂಬತ್ತು ಜನಕ್ಕೆ ಮಾತ್ರ, ಸಣ್ಣ ಪಾತ್ರೆಯಲ್ಲಿ, ಹಳೇ ಸೂಪು ಮಾಡಬಹುದೆಂದು ಅಪ್ಪಣೆಯಾಯಿತು.

ಹತ್ತೊಂಬತ್ತು ಮಂಚಗಳ ಪಕ್ಕದಲ್ಲೂ ಇನ್ನೊಂದು ಮಂಚ ಇತ್ತು. ಅಲ್ಲಿದ್ದವರಿಗೆ ಮೂಗೂ ಇತ್ತು. ನಾಲ್ಕನೇ ದಿನ ಒಬ್ಬ ಮುದುಕಪ್ಪ ಡಾಕ್ಟರ ಕೋಟು ಹಿಡಿದು, "ಉಪ್ಪಿಲ್ದಿದ್ರೂ ಪರವಾಗಿಲ್ಲ, ನಂಗೂ ಆ ಚೀಟಿ ಬರ್ಕೊಡಿ ಸ್ವಾಮಿ" ಎಂದ. ಡಾಕ್ಟರು ಅವನ ಪುಡಿ ಸೂಪಿನ ಬಟ್ಟಲಿನಿಂದ ಒಂದು ಚಮಚ ಕುಡಿದು, ಬರೆದುಕೊಟ್ಟರು. ಚೀಟಿಗಳು ಇಪ್ಪತ್ತೇಳಾದವು. ಮುಂದಿನ ವಾರ ಅರವತ್ತನಾಲ್ಕು.

"ಇದ್ದಕ್ಕಿದ್ದ ಹಾಗೆ ಎಲ್ಲರಿಗೂ ಉಪ್ಪು ಬೇಡವಾಯ್ತಾ?" ಉಸ್ತುವಾರಿ ಅಡುಗೆಮನೆಗೆ ಬಂದು ಕಿರುಚಿದ.

"ಡಾಕ್ಟರನ್ನ ಕೇಳಿ" ಎಂದರು ಚೀಟಿ ಕೊಡಲು ಬಂದಿದ್ದ ದೊಡ್ಡ ಸಿಸ್ಟರು. ಅವನು ಕೇಳಲು ಹೋಗಲಿಲ್ಲ.

ಸಣ್ಣುರಿ ಅಕ್ಕ ನಗಲಿಲ್ಲ. ಗೆದ್ದೆನೆಂದು ಅವಳಿಗೆ ಅನಿಸಲೂ ಇಲ್ಲ. ಕಾಯಿಲೆ ಬಿದ್ದ ಮನುಷ್ಯ ಒಲೆಯ ಮೇಲೆ ಬೆಂದ ಒಂದು ಬಟ್ಟಲು ಸೂಪಿಗಾಗಿ, ಉಪ್ಪು ಬಿಡುತ್ತೇನೆಂದು ಅಂಗಲಾಚಬೇಕೇ? ಇದನ್ನೆಲ್ಲ ಆ ಮೂರು ಬಿಸ್ಕತ್ತಿನ ಬಾಯಿಗಳಿಗೆ ಹೇಳುವವರು ಯಾರು?

"ಸಣ್ಣ ಪಾತ್ರೆ ಸಾಲ್ತಿಲ್ಲ" ಎಂದಷ್ಟೇ ಹೇಳಿ ಉಗ್ರಾಣಕ್ಕೆ ನಡೆದಳು.

"ಅದರಲ್ಲಿ ಪ್ಯಾಕೆಟ್ ಇವೆ!"

"ಗೊತ್ತು. ನಾನೇ ದಿನಾ ತೆಗೀತಿದ್ನಲ್ಲ."

ಎರಡೂ ಕಿವಿ ಹಿಡಿದು ದೊಡ್ಡ ಪಾತ್ರೆಯನ್ನು ಬೋರಲು ಹಾಕಿದಳು. ಪ್ಯಾಕೆಟ್ಟುಗಳು ನೆಲದ ತುಂಬ ಜಾರಿ ಉಸ್ತುವಾರಿಯ ಬೂಟಿನವರೆಗೂ ಹೋದವು. ಪಾತ್ರೆಯನ್ನು ಮೂರು ಸಲ ತೊಳೆದಳು, ವಾಸನೆ ನೋಡಿದಳು, ನಾಲ್ಕನೇ ಸಲ ತೊಳೆದಳು. ಎಲುಬು ಹಾಕಿ ತಣ್ಣೀರು ತುಂಬಿ ಒಲೆಗಿಟ್ಟಳು. ಚೀಟಿ ಇದ್ದದ್ದು ಅರವತ್ತನಾಲ್ಕು, ಅವಳು ಇಟ್ಟದ್ದು ಇನ್ನೂರು ಜನಕ್ಕೆ.

"ಇದಕ್ಕೆ ಯಾರ ಅಪ್ಪಣೆ?" ಎಂದ ಅವನು.

ಅವಳು ಬಗ್ಗಿ ಒಲೆಯ ಕಿವಿ ತಿರುವಿ ಉರಿ ಸಣ್ಣ ಮಾಡುತ್ತಿದ್ದಳು. ಅಂಚಿನಲ್ಲಿ ಮೊದಲ ಗುಳ್ಳೆ ಏಳಲು ಇನ್ನೂ ಹೊತ್ತಿತ್ತು.